ಅಜ್ಜಿ ಬಿಟ್ಟ ಹಲಸು, ಅವ್ವನ ಜೋಳದ ಗಸಿ

ನಮ್ಮ ಮನೆಯಲ್ಲಿ ಹಲಸಿನ ಮರದ್ದಲ್ಲದ ಮಣೆ ಎಂದರೆ ಒಂದೇ ಒಂದು, ಅಜ್ಜಿಯದು. ಬಾಗಿಲು, ದಾರಂದ, ಅವ್ವ ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ಹಲಗೆ, ಅಪ್ಪ ಬಟ್ಟೆ ಕತ್ತರಿಸುವ ಉದ್ದದ ಮೇಜು, ನಾವು ಊಟಕ್ಕೆ ಕೂರುವ ಮಣೆಗಳು, ಎಲ್ಲ ಹಲಸಿನವು. ಅಜ್ಜಿಯ ಮಣೆ ಮಾತ್ರ ಮಾವಿನದು. ಅದರ ಒಂದು ಮೂಲೆಯನ್ನು ಹುಳ ತಿಂದು, ದಿನಾ ಬೆಳಿಗ್ಗೆ ನೆಲದ ಮೇಲೆ ಚಿಟಿಕೆಯಷ್ಟು ಪುಡಿ ಬಿದ್ದಿರುತ್ತಿತ್ತು. ಅದನ್ನು ಗುಡಿಸುವ ಕೆಲಸ ನನ್ನದು. ಇಷ್ಟು ಒಳ್ಳೆಯ ಮಣೆಗಳಿರುವಾಗ ಅಜ್ಜಿ ಈ ಪುಡಿ ಉದುರುವ ಹಲಗೆಯ ಮೇಲೆ ಯಾಕೆ ಕೂರಬೇಕು ಎಂದು ನಾನು ಗೊಣಗುತ್ತಲೇ ಗುಡಿಸುತ್ತಿದ್ದೆ. ಕಾರಣ ಗೊತ್ತಾದ ಮೇಲೆ ಗೊಣಗುವುದನ್ನು ಬಿಟ್ಟೆ.

ಮನೆ ಎಂದರೆ ಮೂರು ಕೋಣೆ. ಕಲ್ಲುಗುಂಡಿಯಲ್ಲಿ, ಮಡಿಕೇರಿಗೆ ಹೋಗುವ ರಸ್ತೆಯ ಬದಿಗೇ ಇತ್ತು. ಮುಂದಿನ ಕೋಣೆ ಅಪ್ಪನ ಹೊಲಿಗೆ ಅಂಗಡಿ. ಅಪ್ಪನ ಒಂದು ಕಾಲು ಹುಟ್ಟಿನಿಂದಲೇ ಗಿಡ್ಡ. ಆಲೆಟ್ಟಿಯಲ್ಲಿದ್ದ ಹಿರಿಯರ ಜಾಗವನ್ನು ದೊಡ್ಡಪ್ಪಂದಿರು ನೋಡಿಕೊಂಡರು, ಅಪ್ಪ ಪುತ್ತೂರಿಗೆ ಹೋಗಿ ಹೊಲಿಗೆ ಕಲಿತು ಇಲ್ಲಿ ಬಂದು ಕುಳಿತ. ನಡುವಿನ ಕೋಣೆ ಅಜ್ಜಿಯದು, ರಾತ್ರಿ ಎಲ್ಲರದೂ. ಅದರ ಹಿಂದೆ ಅಡುಗೆಮನೆ. ಘಾಟಿ ಹತ್ತುವ ಬಸ್ಸು, ಲಾರಿಗಳು ಇಂಜಿನಿಗೆ ನೀರು ಹಾಕಲು ನಮ್ಮ ಎದುರೇ ನಿಲ್ಲುತ್ತಿದ್ದವು. ಹಾಗಾಗಿ ಡ್ರೈವರುಗಳ ಖಾಕಿ ಅಂಗಿಗಳೆಲ್ಲ ಅಪ್ಪನ ಕೈಯಲ್ಲೇ ಆಗುತ್ತಿದ್ದವು. ಮನೆಯೊಳಗೆ ನಾವು ಆಡುತ್ತಿದ್ದದ್ದು ಅರೆಭಾಷೆ. ಇಲ್ಲಿ ಎಲ್ಲರಿಗೂ ತಿಳಿಯಲಿ ಎಂದು ಅದನ್ನು ಪೇಟೆಯ ಕನ್ನಡಕ್ಕೆ ತಂದಿದ್ದೇನೆ. ಅಜ್ಜಿ ಇದ್ದಿದ್ದರೆ, ಇವಳಿಗೆ ಶಾಲೆ ಹೆಚ್ಚಾಯಿತು ಎನ್ನುತ್ತಿದ್ದಳು.

ಅಜ್ಜ ತೀರಿಕೊಂಡ ಮರುವರ್ಷ ಅಜ್ಜಿ ಊರಿನ ಹತ್ತು ಹನ್ನೆರಡು ಮಂದಿಯ ಜೊತೆ ಕಾಶಿಗೆ ಹೋಗಿ ಬಂದಿದ್ದಳು. ನಾನಾಗ ತೊಟ್ಟಿಲಲ್ಲಿದ್ದೆ. ಕಾಶಿಗೆ ಹೋದವರು ಏನಾದರೂ ಒಂದನ್ನು ಅಲ್ಲಿ ಬಿಟ್ಟು ಬರಬೇಕು, ಮತ್ತೆ ಜೀವಮಾನದಲ್ಲಿ ಅದನ್ನು ತಿನ್ನಬಾರದು. ಜೊತೆಗೆ ಹೋದ ನಮ್ಮ ನೆರೆಮನೆಯ ಪೂವಕ್ಕ ಬುದ್ಧಿವಂತೆ. ಗಂಗೆಯಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತು ಆಕೆ ಬಿಟ್ಟದ್ದು ಸೇಬು ಹಣ್ಣನ್ನು. ಆ ಕಾಲದಲ್ಲಿ ಸುಳ್ಯ ಸೀಮೆಯಲ್ಲಿ ಸೇಬನ್ನು ಕಂಡವರೇ ಬೆರಳೆಣಿಕೆಯಷ್ಟು ಮಂದಿ. ಪೂವಕ್ಕ ತನ್ನ ಉಪಾಯವನ್ನು ಹೇಳಿಕೊಂಡು ನಗುವಾಗೆಲ್ಲ ಅಜ್ಜಿಯೂ ನಗುತ್ತಿದ್ದಳು. ಆದರೆ ಅಜ್ಜಿ ಬಿಟ್ಟದ್ದು ಹಲಸು.

ಹಲಸು ಬಿಡುವುದೆಂದರೆ ನಮ್ಮ ಕಡೆಯವರಿಗೆ ಅರ್ಧ ವರ್ಷದ ಊಟವನ್ನೇ ಬಿಟ್ಟ ಹಾಗೆ. ಗುಜ್ಜೆ ಎನ್ನುವ ಎಳೆ ಕಾಯಿಯ ಪಲ್ಯದಿಂದ ಶುರುವಾದರೆ ಬಲಿತ ಸೊಳೆಯ ಸಾರು, ಹಣ್ಣಿನ ದೋಸೆ, ಕಡುಬು, ಹಪ್ಪಳ. ಮಳೆಗಾಲದ ಆಟಿ ತಿಂಗಳಲ್ಲಿ ಬೇರೆ ತರಕಾರಿ ಇಲ್ಲದಾಗ ಉಪ್ಪುನೀರಿನ ಭರಣಿಯಲ್ಲಿ ಹಾಕಿಟ್ಟ ಸೊಳೆ, ಮಣ್ಣಿನಲ್ಲಿ ಮುಚ್ಚಿಟ್ಟ ಬೀಜ. ಇದೆಲ್ಲಕ್ಕಿಂತ ಅಜ್ಜಿಗೆ ಪ್ರಾಣವಾಗಿದ್ದದ್ದು ಒಂದು ಗಸಿ. ಅರೆಹಣ್ಣಾದ ಸೊಳೆಯನ್ನು ಸಣ್ಣಗೆ ಹೆಚ್ಚಿ, ಗಟ್ಟಿ ಕಾಯಿಹಾಲಿನಲ್ಲಿ ಬೆಲ್ಲ, ಉಪ್ಪು, ಹಸಿಮೆಣಸು ಹಾಕಿ ಮಾಡುವ ಸಿಹಿ-ಖಾರದ ದಪ್ಪ ಗಸಿ. ಕಾಶಿಗೆ ಹೋಗುವ ಮೊದಲು ಅನ್ನಕ್ಕಿಂತ ಗಸಿಯನ್ನೇ ಹೆಚ್ಚು ಉಣ್ಣುತ್ತಿದ್ದಳಂತೆ. ಬಂದ ಮೇಲೆ ಬೀಜವಿಲ್ಲ, ಹಪ್ಪಳವಿಲ್ಲ, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬೂ ಇಲ್ಲ. ಯಾರೂ ಹೇಳದಿದ್ದರೂ ಮಣೆಯನ್ನೂ ಬದಲಾಯಿಸಿಕೊಂಡಳು. ಅಪ್ಪ ಒಮ್ಮೆ ಬೀಜ ಹುರಿಯುವಾಗ ವಾದಕ್ಕೆ ಇಳಿದದ್ದು ನನಗೆ ನೆನಪಿದೆ.

"ಅವ್ವ, ನೀನು ಬಿಟ್ಟದ್ದು ಹಣ್ಣು. ಬೀಜ ಹಣ್ಣಾ? ಬೀಜ ಬೀಜ."

"ಗಂಗೆಗೆ ನಾನು ಹೇಳುವಾಗ ಬೀಜ ಒಂದು ಇರ್ಲಿ ಅಂತ ಹೇಳ್ಲಿಲ್ಲ," ಎಂದಳು ಅಜ್ಜಿ.

"ಪೂವಕ್ಕನ ಹಾಗೆ ನಿನಗೂ ಸೇಬು ಬಿಟ್ಟು ಬರ್ಬಹುದಿತ್ತು."

"ಇಷ್ಟ ಇಲ್ಲದ್ದನ್ನು ಬಿಟ್ರೆ ಅದು ಬಿಟ್ಟ ಹಾಗೆ ಆಗ್ತದಾ? ನಿನ್ನ ಅಪ್ಪ ಹೋದ ದುಃಖಕ್ಕೆ ನಾನು ಅಲ್ಲಿಗೆ ಹೋದದ್ದು ಮಾರಾಯ. ಅವರ ಹೆಸರಿನಲ್ಲಿ ಸೇಬು ಬಿಡುದಾ?"

ಬೀಜ ಹುರಿದ ವಾಸನೆ ಮೂರೂ ಕೋಣೆ ತುಂಬಿತ್ತು. ಅಜ್ಜಿ ಸೆರಗನ್ನು ಮೂಗಿಗೆ ಹಿಡಿಯಲಿಲ್ಲ, ಎದ್ದು ಹೊರಗೆ ಹೋಗಲೂ ಇಲ್ಲ. ಅಲ್ಲೇ ಕೂತು ನನಗೆ ಬೀಜದ ಸಿಪ್ಪೆ ಸುಲಿದು ಕೊಟ್ಟಳು, ಒಂದೊಂದಾಗಿ. ಕೊನೆಗೆ ಕೈಯನ್ನು ಸೋಪು ಹಾಕಿ ತೊಳೆದುಕೊಂಡು ತನ್ನ ಗಂಜಿಗೆ ಕೂತಳು. ನನಗೆ ಬೆರಗಿನ ಮೊದಲ ಪಾಠ ಅದೇ ಇರಬೇಕು. ಬೇಕೆಂದು ಹಟ ಹಿಡಿದು ಅಳುವುದು ನನಗೆ ಗೊತ್ತಿತ್ತು. ಬೇಕಾದ್ದನ್ನು ಬೇಡವೆಂದು, ಮುಖ ಸಿಂಡರಿಸದೆ, ಬೇರೆಯವರಿಗೆ ಸುಲಿದು ಕೊಡಬಹುದು ಎಂಬುದು ಗೊತ್ತಿರಲಿಲ್ಲ.

ನನಗೆ ಎಂಟು ವರ್ಷವಾದ ಆಟಿಯಲ್ಲಿ ಅಜ್ಜಿಗೆ ಜ್ವರ ಬಂತು. ವಾರದಲ್ಲಿ ಜ್ವರವೇನೋ ಬಿಟ್ಟಿತು, ಆದರೆ ಬಾಯಿರುಚಿಯನ್ನು ತೆಗೆದುಕೊಂಡೇ ಹೋಯಿತು. ಎರಡು ತುತ್ತು ಗಂಜಿ ಉಂಡು ಬಟ್ಟಲು ಸರಿಸುತ್ತಿದ್ದಳು. ಮಾವಿನ ಮಿಡಿ, ಹುರುಳಿ ಚಟ್ನಿ, ಮಜ್ಜಿಗೆ ಯಾವುದೂ ಒಳಗೆ ಹೋಗಲಿಲ್ಲ. ಸುಳ್ಯದ ಡಾಕ್ಟರರು ನೋಡಿ, ಮದ್ದು ಇದಕ್ಕೇನೂ ಬೇಡ, ಉಣ್ಣದಿದ್ದರೆ ಮಾತ್ರ ಉಳಿಯುವುದು ಕಷ್ಟ ಎಂದು ಅಪ್ಪನನ್ನು ಹೊರಗೆ ಕರೆದು ಹೇಳಿದರಂತೆ. ಅಜ್ಜಿ ಎಷ್ಟು ಸೊರಗಿದಳು ಎಂಬುದು ನಮಗೆ ಗೊತ್ತಾದದ್ದು ಅಪ್ಪನ ಟೇಪಿನಿಂದ. ಅವಳ ರವಕೆ ಸಡಿಲವಾಯಿತೆಂದು ಅಪ್ಪ ಎರಡೂ ಬದಿಯಿಂದ ಒಳಹೊಲಿಗೆ ಹಾಕಿದ. ಹದಿನೈದು ದಿನಕ್ಕೆ ಮತ್ತೆ ಹಾಕಬೇಕಾಯಿತು. ಎರಡನೆಯ ಸಲ ಹೊಲಿಯುವಾಗ ಅಪ್ಪ ಯಂತ್ರ ತುಳಿಯುವುದನ್ನು ನಿಲ್ಲಿಸಿ, ಆ ಸಣ್ಣ ರವಕೆಯನ್ನು ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟ. ನನಗೆ ಹೆದರಿಕೆ ಶುರುವಾದದ್ದು ಆಗಲೇ.

ಒಂದು ದಿನ ಮಧ್ಯಾಹ್ನ ಅಜ್ಜಿ ಮಲಗಿದ್ದಲ್ಲಿಂದಲೇ, ಯಾರಿಗೂ ಅಲ್ಲ ಎಂಬಂತೆ, "ಬಾಯಿಗೆ ಆ ಗಸಿ ಬೇಕು ಅಂತ ಆಗ್ತದೆ," ಎಂದಳು. ಹೇಳಿದವಳೇ ತಪ್ಪು ತಪ್ಪು ಎಂದು ಎರಡೂ ಕೆನ್ನೆಗೆ ಬಡಿದುಕೊಂಡಳು. ಅಡುಗೆಮನೆಯಲ್ಲಿ ಅವ್ವ ಕೇಳಿಸಿಕೊಂಡಳು, ಅಂಗಡಿಯಲ್ಲಿ ಅಪ್ಪನೂ ಕೇಳಿಸಿಕೊಂಡ. ಅಪ್ಪ ಕುಂಟುತ್ತಾ ಒಳಗೆ ಬಂದು ಅವ್ವನ ಹತ್ತಿರ ಪಿಸುಗುಟ್ಟಿದ.

"ಭರಣಿಯ ಸೊಳೆ ಉಂಟಲ್ಲ ಸೀತೆ, ಉಪ್ಪು ಬಿಡಿಸಿ ನುಣ್ಣಗೆ ಅರೆದು ಕಾಯಿಹಾಲಿನಲ್ಲಿ ಹಾಕು. ಕುಂಬಳಕಾಯಿ ಅಂತ ಹೇಳುವ. ಗೊತ್ತಾಗುದಿಲ್ಲ."

"ನಿಮ್ಮ ಅವ್ವನಿಗೆ ಗೊತ್ತಾಗ್ಲಿಕ್ಕಿಲ್ಲ. ನನಗೆ ಗೊತ್ತಾಗುದಿಲ್ವಾ?" ಎಂದಳು ಅವ್ವ. "ನಂಬಿ ಬಾಯಿ ತೆರೆದವರಿಗೆ ನಾನು ಅದನ್ನು ಹಾಕುದಿಲ್ಲ. ಬೇಕಾದ್ರೆ ನೀವೇ ಮಾಡಿ."

ಅಪ್ಪ ಮಾಡಲಿಲ್ಲ. ಮೆಲ್ಲಗೆ ಮಾತಾಡಿದೆವು ಎಂದು ಅವರು ಅಂದುಕೊಂಡದ್ದು. ಆ ಮನೆಯಲ್ಲಿ ಒಂದು ಸೂಜಿ ಬಿದ್ದರೂ ಮೂರು ಕೋಣೆಗೆ ಕೇಳುತ್ತಿತ್ತು.

ಅದಾಗಿ ಎರಡು ಮೂರು ದಿನಕ್ಕೆ ಮೋನಾಕ ಬಂದರು. ಮೋನಾಕ ಲಾರಿ ಡ್ರೈವರು, ಕುಶಾಲನಗರದಿಂದ ಕೆಳಗೆ ಮಂಗಳೂರಿಗೆ ಸಾಮಾನು ಸಾಗಿಸುತ್ತಿದ್ದವರು. ಹೊಲಿಯಲು ಕೊಟ್ಟ ಖಾಕಿ ಅಂಗಿಯನ್ನು ಕೊಂಡೊಯ್ಯಲು ಬಂದರೆ ಅಂಗಿಗೆ ಗುಂಡಿಯೇ ಆಗಿರಲಿಲ್ಲ. ಅಪ್ಪನ ಮನಸ್ಸು ಯಾವುದರಲ್ಲಿಯೂ ಇರಲಿಲ್ಲ. ಮೋನಾಕ ಬೈಯಲಿಲ್ಲ. ಲಾರಿಗೆ ಹೋಗಿ ಒಂದು ಗೋಣಿಯ ತುಂಡಿನಲ್ಲಿ ಏನೋ ಕಟ್ಟಿಕೊಂಡು ಬಂದು ಜಗಲಿಯಲ್ಲಿಟ್ಟರು.

"ಅಕ್ಕಾ, ಜೋಳ ಇದು. ಮೇಲೆ ಹೊಲದಿಂದ ಈಗ ಬೆಳಿಗ್ಗೆ ಮುರಿದದ್ದು. ಮಗುವಿಗೆ ಕೆಂಡದಲ್ಲಿ ಸುಟ್ಟು ಕೊಡಿ. ಅಜ್ಜಿ ಹೇಗಿದ್ದಾರೆ?"

"ಉಣ್ಣುದೇ ಇಲ್ಲ ಮೋನಾಕ," ಎಂದಳು ಅವ್ವ.

ಹಸಿ ಮುಸುಕಿನ ಜೋಳದ ತೆನೆಯನ್ನು ನಾನು ನೋಡಿದ್ದು ಅದೇ ಮೊದಲು. ಹಸಿರು ಸಿಪ್ಪೆಯನ್ನು ಅವ್ವ ಒಂದೊಂದಾಗಿ ಎಳೆದಳು. ಒಳಗೆ ರೇಷ್ಮೆಯಂಥ ಕೂದಲು, ಅದರೊಳಗೆ ಸಾಲು ತಪ್ಪದೆ ಕೂತ ಹಳದಿ ಕಾಳುಗಳು. ಅವ್ವ ಉಗುರಿನಿಂದ ಒಂದನ್ನು ಒತ್ತಿದಳು, ಹಾಲು ಚಿಮ್ಮಿತು. ಬೆರಳನ್ನು ನೆಕ್ಕಿ ನೋಡಿದಳು, ಇನ್ನೊಂದನ್ನು ಒತ್ತಿದಳು, ಮತ್ತೆ ನೆಕ್ಕಿದಳು. ಅವಳ ಮುಖದಲ್ಲಿ ಏನೋ ಎಚ್ಚರವಾದ ಹಾಗೆ ನನಗೆ ಕಂಡಿತು. "ಕಮಲೇ, ಒಲೆಗೆ ಎರಡು ಕಟ್ಟಿಗೆ ಹಾಕು," ಎಂದು ನನಗೆ ಹೇಳಿದಳು.

ಆಮೇಲೆ ನಡೆದದ್ದನ್ನು ನಾನು ಈ ವಯಸ್ಸಿನಲ್ಲಿಯೂ ಅಷ್ಟೇ ಬೆರಗಿನಿಂದ ನೆನೆಯುತ್ತೇನೆ. ಅವ್ವ ಮೊದಲು ಮೆಟ್ಟುಕತ್ತಿಯ ಹತ್ತಿರ ಹೋದವಳು ನಿಂತಳು. ಅದರ ಹಲಗೆ ಹಲಸಿನದು. ಅದನ್ನು ಅಲ್ಲೇ ಬಿಟ್ಟು, ಅಪ್ಪನ ಅಂಗಡಿಯಿಂದ ಸಣ್ಣ ಚೂರಿ ತಂದು ತೊಳೆದು, ತೆನೆಯನ್ನು ಬಟ್ಟಲಲ್ಲಿ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಕೆಳಕ್ಕೆ ಕಾಳು ಕೊಯ್ದಳು. ಬರಿದಾದ ದಿಂಡನ್ನು ಚಮಚದ ಬೆನ್ನಿನಿಂದ ಕೆರೆದು ಉಳಿದ ಹಾಲನ್ನೂ ಇಳಿಸಿದಳು. ಒಂದು ತೆಂಗಿನಕಾಯಿ ಒಡೆದು, ತುರಿದು, ಅರೆದು, ಮಸ್ಲಿನ್ ಬಟ್ಟೆಯ ತುಂಡಿನಲ್ಲಿ ಹಿಂಡಿ ಗಟ್ಟಿ ಹಾಲನ್ನು ಒಂದು ಕಡೆ, ಮತ್ತೆ ನೀರು ಬೆರೆಸಿ ಹಿಂಡಿದ ತೆಳು ಹಾಲನ್ನು ಇನ್ನೊಂದು ಕಡೆ ಇಟ್ಟಳು. ಕಾಳಿನಲ್ಲಿ ಒಂದು ಹಿಡಿಯನ್ನು ಎರಡು ಗಾಂಧಾರಿ ಮೆಣಸು, ಚಿಟಿಕೆ ಜೀರಿಗೆಯ ಜೊತೆ ಅರೆಯುವ ಕಲ್ಲಿನಲ್ಲಿ ತರಿತರಿಯಾಗಿ ತಿರುವಿದಳು. ಉಳಿದ ಕಾಳು ತೆಳು ಹಾಲಿನಲ್ಲಿ ಕುದಿಯಿತು. ಎಳೆಯದಾದ್ದರಿಂದ ಬೇಯಲು ಹೊತ್ತೇ ಬೇಕಾಗಲಿಲ್ಲ. ಅದಕ್ಕೆ ಉಪ್ಪು, ನಿಂಬೆ ಗಾತ್ರದ ಬೆಲ್ಲ, ಅರೆದದ್ದು. ಪಾತ್ರೆ ಬದಿಯಿಂದ ದಪ್ಪವಾಗುತ್ತ ಬಂದಾಗ ಗಟ್ಟಿ ಹಾಲು ಸುರಿದು, ಕುದಿ ಬರುವ ಮೊದಲೇ ಕೆಳಗಿಳಿಸಿದಳು. ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ. ಹೊರಗೆ ಅಪ್ಪ ಮೋನಾಕನ ಅಂಗಿಯ ಐದನೆಯ ಗುಂಡಿಯ ನೂಲು ಕಡಿಯುತ್ತಿದ್ದ. ಅಷ್ಟರಲ್ಲಿ ಆಗಿಹೋಗಿತ್ತು.

ಅವ್ವ ಮೆತ್ತಗಿನ ಗಂಜಿಯ ಬದಿಗೆ ಗಸಿ ಬಡಿಸಿ, ಬಟ್ಟಲನ್ನು ಮಾವಿನ ಮಣೆಯ ಎದುರು ಇಟ್ಟಳು. ಅಜ್ಜಿಯನ್ನು ಎಬ್ಬಿಸಿ ಕೂರಿಸಿದ್ದು ನಾನು. ಕಣ್ಣು ಸರಿ ಬಿಡದೆಯೇ ಅಜ್ಜಿ ಒಂದು ತುತ್ತು ಬಾಯಿಗಿಟ್ಟಳು. ದವಡೆ ಒಂದು ಸಲ ಆಡಿ ನಿಂತಿತು. ಮತ್ತೊಂದು ತುತ್ತು. ಮತ್ತೊಂದು. ತಿಂಗಳಿನಿಂದ ಎರಡು ತುತ್ತು ದಾಟದವಳು ಏಳನೆಯದಕ್ಕೆ ಕೈ ಹಾಕಿದಳು. ನಾನು ಎಣಿಸುತ್ತಿದ್ದೆ. ಅಲ್ಲಿಗೆ ಅಜ್ಜಿಯ ಕಣ್ಣು ಪೂರ್ತಿ ತೆರೆಯಿತು. ಕೈ ಬಟ್ಟಲಲ್ಲೇ ನಿಂತಿತು.

"ಇದು ಎಂತದ್ದು ಸೀತೆ?"

"ಜೋಳ ಅತ್ತೆ."

"ಸುಳ್ಳು ಹೇಳ್ಬೇಡ."

"ಜೋಳವೇ ಅತ್ತೆ. ಮೋನಾಕ ತಂದದ್ದು."

"ಆವತ್ತು ನೀವಿಬ್ಬರು ಒಳಗೆ ಮಾತಾಡಿದ್ದು ನನಗೆ ಕೇಳಿದೆ." ಅಜ್ಜಿ ಬಟ್ಟಲಿನಿಂದ ಕೈ ಎಳೆದುಕೊಂಡಳು. "ನನ್ನ ಕೈಯಲ್ಲಿ ತಪ್ಪಿಸಿಬಿಟ್ರಲ್ಲ! ಇಷ್ಟು ವರ್ಷ ಹಿಡಿದುಕೊಂಡು ಬಂದದ್ದನ್ನು..."

ಮೋಸ ಮಾಡಲಾರೆ ಎಂದು ಗಂಡನ ಮಾತನ್ನೇ ತಳ್ಳಿದ ಅವ್ವ ಈಗ ಮೋಸಗಾತಿಯ ಹಾಗೆ ನಿಂತಿದ್ದಳು. ಏನು ಹೇಳಿದರೂ ಸುಳ್ಳಿನಂತೆಯೇ ಕೇಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಜ್ಜಿ ನನ್ನ ಕಡೆ ತಿರುಗಿದಳು.

"ಕಮಲೇ, ನೀನು ಹೇಳು. ನೀನು ನೋಡಿದ್ದಿಯಾ?"

ನಾನು ಓಡಿಹೋಗಿ ಬುಟ್ಟಿಯಲ್ಲಿದ್ದ ಸಿಪ್ಪೆ, ಕೂದಲು, ಬೋಳು ದಿಂಡುಗಳನ್ನೆಲ್ಲ ಮಡಿಲಲ್ಲಿ ತಂದು ಅಜ್ಜಿಯ ಎದುರು ಸುರಿದೆ. ಒಂದು ಇಡೀ ತೆನೆ ಉಳಿದಿತ್ತು, ಅದನ್ನು ಅವಳ ಕೈಯಲ್ಲಿ ಕೊಟ್ಟೆ. "ಮೆಟ್ಟುಕತ್ತಿ ಕೂಡ ಮುಟ್ಟಲಿಲ್ಲ ಅಜ್ಜಿ. ಅದರದ್ದು ಹಲಸಿನ ಹಲಗೆ ಅಂತ ಅವ್ವ ಚೂರಿಯಲ್ಲಿ ಕೊಯ್ದದ್ದು," ಎಂದೆ. ಅಜ್ಜಿ ಎದ್ದು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಅರೆಯುವ ಕಲ್ಲನ್ನು ಮೂಸಿದಳು, ಪಾತ್ರೆಯನ್ನು ಮೂಸಿದಳು, ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಹಾಗೇ ಇದೆಯೇ ಎಂದು ಮುಟ್ಟಿ ನೋಡಿದಳು. ಆಮೇಲೆ ಅವ್ವನ ತಲೆಯ ಮೇಲೆ ಕೈಯಿಟ್ಟಳು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಆ ಕೈ ಹೇಳಿತು. ಆದರೆ ಮಣೆಗೆ ಮರಳಿದವಳು ಬಟ್ಟಲನ್ನು ದೂರ ಸರಿಸಿದಳು.

"ಕಣ್ಣು ಜೋಳ ಅಂತ ಹೇಳ್ತದೆ. ನಾಲಗೆ ಹಲಸು ಅಂತ ಹೇಳ್ತದೆ. ನಾನು ಬಿಟ್ಟದ್ದು ಕಣ್ಣಿನಿಂದ ಅಲ್ಲ ಸೀತೆ."

ಅಲ್ಲಿಯವರೆಗೆ ಅವ್ವ ಅತ್ತೆಗೆ ಎದುರಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಅವಳ ಕಟ್ಟೆ ಒಡೆಯಿತು.

"ಹಾಗಾದ್ರೆ ನಾನು ಎಂತ ಮಾಡ್ಬೇಕು ಹೇಳಿ! ರುಚಿ ಇಲ್ಲದ್ದು ನಿಮಗೆ ಸೇರುದಿಲ್ಲ, ರುಚಿ ಇದ್ದದ್ದು ನಿಮಗೆ ಆಗುದಿಲ್ಲ. ನಿಮ್ಮ ಮಗ ಅಲ್ಲಿ ರವಕೆ ಹಿಡಿದುಕೊಂಡು ಅಳ್ತಾರೆ, ನಾನು ಇಲ್ಲಿ ಒಲೆ ಮುಂದೆ ಅಳ್ತೇನೆ. ನಮ್ಮನ್ನು ಬಿಡ್ತೇನೆ ಅಂತ ಏನಾದ್ರೂ ಹೇಳಿ ಬಂದಿದ್ದೀರಾ ನೀವು ಅಲ್ಲಿ?"

ಬಾಗಿಲಲ್ಲಿ ಅಪ್ಪ, ಅವನ ಹಿಂದೆ ಹೊಸ ಅಂಗಿ ಹಿಡಿದುಕೊಂಡ ಮೋನಾಕ. ಅಜ್ಜಿ ಬಟ್ಟಲನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಗಾಂಧಾರಿ ಉಂಟಾ?" ಎಂದು ಕೇಳಿದಳು.

ನಾನು ತಂದು ಕೊಟ್ಟೆ. ಐದು ಮೆಣಸನ್ನು ಎಣಿಸಿ ತೆಗೆದುಕೊಂಡಳು. ಬಟ್ಟಲನ್ನು ಹತ್ತಿರ ಎಳೆದು, ಒಂದೊಂದನ್ನೇ ಹೆಬ್ಬೆರಳಿನಿಂದ ಗಸಿಯೊಳಗೆ ಹಿಚುಕಿದಳು. ಮೇಲಿಂದ ಒಂದು ಹರಳು ಉಪ್ಪು. ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಮೂಗಿನಲ್ಲಿ ನೀರು ಬಂತು, ಕಣ್ಣಿನಲ್ಲಿ ಬಂತು, ನೆತ್ತಿಗೆ ಹತ್ತಿ ಕೆಮ್ಮು ಬಂತು. ಅವ್ವ ನೀರು ಹಿಡಿದು ಓಡಿಬಂದರೆ ಅಜ್ಜಿ ಕೈಯಾಡಿಸಿ ಬೇಡ ಎಂದಳು.

"ಈಗ ಇದು ಜೋಳ," ಎಂದಳು. "ನಾಳೆ ಮಾಡುವಾಗ ಬೆಲ್ಲ ಅರ್ಧ ಸಾಕು. ಮೆಣಸು ಏಳು ಹಾಕು. ಹಲಸಿನ ಹತ್ತಿರ ಹೋಗ್ಲಿಕ್ಕೆ ಬಿಡ್ಬೇಡ ಅದನ್ನು."

ಅಳುತ್ತಲೇ ಅಜ್ಜಿ ಬಟ್ಟಲು ಖಾಲಿ ಮಾಡಿದಳು. ಖಾರಕ್ಕೆ ಎಷ್ಟು, ಬೇರೆಯದಕ್ಕೆ ಎಷ್ಟು ಎಂದು ನನಗೆ ಆಗಲೂ ಗೊತ್ತಾಗಲಿಲ್ಲ. ಮೋನಾಕ ಬಾಗಿಲಲ್ಲೇ, "ನಿಮ್ಮ ಅವ್ವನಿಗೆ ದೊಡ್ಡ ನಮಸ್ಕಾರ ಮಾರಾಯ್ರೆ," ಎಂದು ಅಪ್ಪನಿಗೆ ಹೇಳಿ ಲಾರಿ ಹತ್ತಿದರು. ಆ ಮಳೆಗಾಲ ಮುಗಿಯುವ ತನಕ ಪ್ರತಿ ವಾರ ನಮ್ಮ ಜಗಲಿಯಲ್ಲಿ ಜೋಳದ ಗಂಟು ಬೀಳುತ್ತಿತ್ತು. ಅವ್ವ ಅಜ್ಜಿ ಹೇಳಿದ ಅಳತೆಯಲ್ಲೇ ಮಾಡುತ್ತಿದ್ದಳು: ಅರ್ಧ ಬೆಲ್ಲ, ಏಳು ಮೆಣಸು. ನಾವೆಲ್ಲ ಹಾ ಹೂ ಎನ್ನುತ್ತಾ ಉಣ್ಣುತ್ತಿದ್ದೆವು. ಚೌತಿಯ ಹೊತ್ತಿಗೆ ಅಪ್ಪ ಅಜ್ಜಿಯ ರವಕೆಯ ಒಳಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದ. ಯಂತ್ರದ ಮುಂದೆ ಕೂತು ಅಪ್ಪ ಸಿಳ್ಳೆ ಹಾಕಿದ್ದನ್ನು ನಾನು ಕೇಳಿದ್ದು ಆ ದಿನ ಒಂದೇ.

ಅಜ್ಜಿ ಮತ್ತೆ ನಾಲ್ಕು ವರ್ಷ ಬದುಕಿದಳು. ಹೋದದ್ದು ಬೇಸಿಗೆಯಲ್ಲಿ, ಆಲೆಟ್ಟಿಯಲ್ಲಿ ಹಲಸು ಹಣ್ಣಾಗಿ ಬೀಳುವ ದಿನಗಳಲ್ಲಿ. ಆಟಿ ಬಂದಾಗ ತೀರಿಹೋದವರಿಗೆ ಬಡಿಸುವುದು ನಮ್ಮಲ್ಲಿ ರೂಢಿ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಯಲ್ಲಿ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದು ನಾವು ಉಣ್ಣುತ್ತೇವೆ. ಅಜ್ಜಿಗೆ ಮೊದಲ ಸಲ ಬಡಿಸುವ ದಿನ ಅಪ್ಪ ಬೆಳಿಗ್ಗೆಯ ಬಸ್ಸಿನಲ್ಲಿ ಆಲೆಟ್ಟಿಯಿಂದ ಕೊನೆಯ ಹಲಸಿನ ಹಣ್ಣೊಂದನ್ನು ಹೊತ್ತು ತಂದಿದ್ದ.

"ಈಗಾದ್ರೂ ತಿನ್ಲಿ," ಎಂದ. "ಹೋದ ಮೇಲೆ ನೇಮ ಉಂಟಾ ಯಾರಿಗಾದ್ರೂ?"

"ಬಿಟ್ಟವರು ಅವರು," ಎಂದಳು ಅವ್ವ. "ಅವರು ಬಿಟ್ಟದ್ದನ್ನು ಎಲೆಗೆ ಹಾಕ್ಲಿಕ್ಕೆ ನಾವು ಯಾರು? ಹೊರಗೆ ಇಡಿ ಅದನ್ನು."

ಅಪ್ಪ ಹಣ್ಣನ್ನು ಎತ್ತಿ ಜಗಲಿಯ ಆಚೆ ಇಟ್ಟ. ಅವ್ವ ಮೋನಾಕ ತಂದ ಜೋಳವನ್ನು ತೆಗೆದುಕೊಂಡು ಒಲೆಯ ಮುಂದೆ ಕೂತಳು. ಹನ್ನೆರಡರ ಹುಡುಗಿ ನಾನು ಕೆಲಸ ಬಲ್ಲವಳ ಹಾಗೆ ಅರ್ಧ ನಿಂಬೆಯಷ್ಟು ಬೆಲ್ಲ, ಎಣಿಸಿದ ಏಳು ಮೆಣಸು ಹಿಡಿದು ನಿಂತಿದ್ದೆ. ಅವ್ವ ನನ್ನ ಕೈಯಿಂದ, ಮೊದಲ ದಿನದ ಹಾಗೆ, ಎರಡೇ ಮೆಣಸನ್ನು ತೆಗೆದುಕೊಂಡಳು. ಇನ್ನರ್ಧ ಬೆಲ್ಲವನ್ನು ತಾನೇ ಡಬ್ಬದಿಂದ ತಂದು ಹಾಕಿದಳು. ನಾನು ಅವಳ ಮುಖ ನೋಡಿದೆ, ಅವಳು ಸೌಟಿನಿಂದ ಕಣ್ಣೆತ್ತಲಿಲ್ಲ.

ಮಾವಿನ ಮಣೆಯ ಎದುರು ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು, ನಾವು ಮೂವರೂ ಅಪ್ಪನ ಅಂಗಡಿಯಲ್ಲಿ ನಿಂತೆವು. ಒಂದು ಲಾರಿ ನೀರು ಕುಡಿಸಿಕೊಂಡು ಘಾಟಿಯ ಕಡೆ ಹೋಯಿತು. ಆಮೇಲೆ ಅವ್ವ ಬಾಗಿಲು ತೆರೆದಳು, ನಾವು ಊಟಕ್ಕೆ ಕೂತೆವು. ಅಪ್ಪ ಗಸಿಯ ಒಂದು ತುತ್ತನ್ನು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ. ಹೊರಗೆ ಜಗಲಿಯ ಆಚೆ ಹಲಸಿನ ಹಣ್ಣು ಇಡೀ ಇದ್ದ ಹಾಗೆಯೇ ಇತ್ತು. ಅಪ್ಪ ಅದನ್ನು ನೋಡಿದ, ಅವ್ವನನ್ನು ನೋಡಿದ. ಅವನ ಕಣ್ಣು ತುಂಬಿತ್ತು; ಖಾರವೇನೂ ಇರಲಿಲ್ಲ.

"ಇದು ಎಂತದ್ದು ಸೀತೆ?"

"ಜೋಳ," ಎಂದಳು ಅವ್ವ.